ಪರವಾನಗಿಗೆ ಮುಂಚಿನ ಕರು

ಚಂದ್ರನಲ್ಲಿ ಹುಟ್ಟಿ ಬೆಳೆದ ಇಳಾ ದನಗಳ ವೈದ್ಯಕೀಯ ಓದಲು ಧಾರವಾಡಕ್ಕೆ ಬಂದವಳು. ಅಲ್ಲಿಂದ ಬಂದ ಎಲ್ಲ ವಿದ್ಯಾರ್ಥಿಗಳಂತೆ ಅವಳ ಕೈಗೂ ವಲಸೆ ಕಚೇರಿಯವರು ತೆಳ್ಳನೆಯ ಕೈಗವಸು ಅಂಟಿಸಿದ್ದರು. ಓದುಬರಹಕ್ಕೆ ಅದು ಅಡ್ಡಿಯಾಗುತ್ತಿರಲಿಲ್ಲ. ಕೆಲಸಕ್ಕೆ ಕೈ ಹಾಕಿದರೆ ಮಾತ್ರ ಬೆರಳುಗಳನ್ನು ಬಿಗಿಹಿಡಿಯುತ್ತಿತ್ತು. ತರಬೇತಿಯ ಪರವಾನಗಿ ಬಂದ ದಿನ ತಾನಾಗಿ ಕಳಚಿಕೊಳ್ಳುತ್ತಿತ್ತು.

ಇಳಾಳ ಪರವಾನಗಿ ಸೋಮವಾರ ಬರಬೇಕಿತ್ತು. ಭಾನುವಾರ ಮಧ್ಯಾಹ್ನವೇ, ಅವಳು ತರಬೇತಿಗೆ ಸೇರಲಿದ್ದ ಗಂಗವ್ವನ ಕೊಟ್ಟಿಗೆ ನೋಡಲು ಬಂದಿದ್ದಾಗ, ಅಲ್ಲಿ ಆಕಳೊಂದು ಈಯಲಾರದೆ ಒದ್ದಾಡತೊಡಗಿತು. ಕರುವಿನ ಕಾಲು ಒಳಗೇ ಮಡಚಿಕೊಂಡಿತ್ತು. ಡಾಕ್ಟರು ಇನ್ನೂ ದಾರಿಯಲ್ಲಿದ್ದರು.

“ನನ್ನ ಕೈ ದಪ್ಪ, ಒಳಗ ಹೋಗವಲ್ದು,” ಎಂದಳು ಗಂಗವ್ವ. “ನಿನ್ನ ಕೈ ಸಣ್ಣದೈತಿ ಖರೆ, ಆದ್ರ ಕೈ ಹಾಕು ಅಂತ ನಾ ಹೇಳೂದಿಲ್ಲವ್ವಾ. ಗವಸು ಹರದ್ರ ನಿನ್ನ ವಾಪಸ್ ಕಳಸ್ತಾರ.”

ಇಳಾ ಸ್ವಲ್ಪ ಹೊತ್ತು ಆಕಳ ಕಣ್ಣನ್ನೇ ನೋಡುತ್ತ ನಿಂತಳು. ಆಮೇಲೆ ಹಲ್ಲಿನಿಂದ ಗವಸು ಕಚ್ಚಿ ಹರಿದಳು. ಕೈ ತೊಳೆದು ಒಳಗೆ ಹಾಕಿದಾಗ ಮೊದಲು ತಾಕಿದ್ದು ಕಾವು. ಇಷ್ಟೊಂದು ಬಿಸಿ ಇರುತ್ತದೆಂದು ಯಾವ ಪಾಠದಲ್ಲೂ ಅವಳು ಕೇಳಿರಲಿಲ್ಲ. ತಡಕಾಡಿ ಕಾಲನ್ನು ನೇರ ಮಾಡಿದಳು. ಕರು ಬದುಕಿತು.

ಮರುದಿನ ವಲಸೆ ಕಚೇರಿಯ ಅಧಿಕಾರಿ ಹರಿದ ಗವಸು ನೋಡಿ ಮೆತ್ತಗೆ ಕೇಳಿದರು: “ಬಾಗಲಕ್ಕ ಸಿಕ್ಕು ಹರೀತು ಅಂತ ಬರೀಲೇನವಾ?”

“ಬ್ಯಾಡ್ರಿ ಸರ್. ನಾನ ಹರದೀನಿ.”

ಪರವಾನಗಿ ರದ್ದಾಯಿತು. ಅವಳನ್ನು ಚಂದ್ರನಿಗೆ ವಾಪಸ್ ಕಳಿಸಿದರು.

ಚಂದ್ರನಲ್ಲಿ ಆಗಷ್ಟೇ ಮೊದಲ ದನಗಳಿಗಾಗಿ ಕೊಟ್ಟಿಗೆ ಕಟ್ಟುತ್ತಿದ್ದರು. ಕೆಲಸ ಕೇಳಿಕೊಂಡು ಬಂದ ಇಳಾಳನ್ನು ಅಲ್ಲಿನ ಮುಖ್ಯಸ್ಥೆ, “ಅನುಭವ ಏನಾದರೂ ಇದೆಯೇನಮ್ಮ?” ಎಂದು ವಿಚಾರಿಸಿದರು.

“ಇದೆ, ಮೇಡಂ. ಒಂದು ಕರು.”

“ನಮ್ಮಲ್ಲಿ ಯಾರಿಗೂ ಅಷ್ಟೂ ಇಲ್ಲ,” ಎಂದು ಅವರು ಕುರ್ಚಿ ಎಳೆದು ಅವಳನ್ನು ಕೂರಿಸಿದರು.