ಬಿಸಿನೀರಿನ ನಲ್ಲಿ

"ಏರ್‌ಪೋರ್ಟ್ ಪಕ್ಕದಲ್ಲೇ ಹೋಟೆಲು, ಆಮೇಲೆ ಮಾಲು, ಅಕ್ವೇರಿಯಂ. ಎಲ್ಲಾ ಏಸಿ ಕಣೋ, ಜುಲೈ ಬಿಸಿಲು ನಿಂಗೆ ತಾಗೋದೇ ಇಲ್ಲ," ಎಂದು ಮೌಜಾ ಫೋನಿನಲ್ಲಿ ಪಟ್ಟಿ ಓದಿದಳು. ಜರ್ಮನಿಯಿಂದ ಸಿಂಗಾಪುರಕ್ಕೆ ಹೊರಟಿದ್ದ ತಮ್ಮ ಖಲ್ಫಾನ್, ಹದಿನೆಂಟು ವರ್ಷಗಳ ಮೇಲೆ ಹುಟ್ಟೂರು ಅಬುಧಾಬಿಯಲ್ಲಿ ಇಳಿಯಲಿದ್ದ; ಅದೂ ಎರಡು ವಿಮಾನಗಳ ನಡುವಿನ ಎಂಟು ಗಂಟೆ ಮಾತ್ರ. ಅಮ್ಮ ತೀರಿಕೊಂಡಾಗಲೂ ಬಾರದವನನ್ನು ಮನೆಗೆ ಕರೆದು ಇಲ್ಲ ಅನ್ನಿಸಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

"ಅಂತೂ ನನ್ನನ್ನ ಪ್ರವಾಸಿ ಮಾಡ್ಬಿಟ್ಟೆ, ಅಕ್ಕ," ಎಂದು ಅವನು ನಕ್ಕ. ಆಮೇಲೆ ಕೇಳಿದ: "ಗೀಸರ್ ಆರಿಸಿದೀಯಾ?"

ಮೌಜಾಳ ಪೆನ್ನು ನಿಂತಿತು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಕಾದು, ತಣ್ಣೀರಿನ ನಲ್ಲಿಯೇ ಕೈ ಸುಡುತ್ತದೆ. ಆಗ ಗೀಸರ್ ಆರಿಸಿಟ್ಟು, ಮನೆಯೊಳಗಿನ ನೆರಳಿಗೆ ಅದರಲ್ಲೇ ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡಬೇಕು. ಹೋಟೆಲಿನಲ್ಲಿ ಇಳಿಯುವವನಿಗೆ ಅದರ ಗೊಡವೆ ಇರುವುದಿಲ್ಲ.

"ಮೇ ತಿಂಗಳಲ್ಲೇ ಆರಿಸಿದೀನಿ," ಎಂದಳು.

"ಹಾಗಾದ್ರೆ ಚಿಕ್ಕೋರಿದ್ದಾಗಿನ ಥರ ಎಲ್ಲಾ ನೀನೇ ಸುರ್ಕೊಂಡು ಖಾಲಿ ಮಾಡ್ಬೇಡ. ನಂಗೂ ಒಂದು ಬಕೆಟ್ ಉಳಿಸು."

"ಈ ಸಲ ಪೂರ್ತಿ ನಿಂದೇ ಕಣೋ," ಎನ್ನುತ್ತಾ ಮೌಜಾ ಹೋಟೆಲಿನ ಹೆಸರಿನ ಮೇಲೆ ಗೀಟೆಳೆದಳು.