ಆಚೆ ಬದಿಗೆ ಕೂತವರು

ಕಾವ್ಯ ತನ್ನ ಪ್ರಬಂಧವನ್ನು ಮಗ್ಗದ ಪಕ್ಕದಲ್ಲೇ ನಿಂತು ಓದತೊಡಗಿದಳು. ಮರುದಿನ ರಾಯಚೂರಿನ ಕಾಲೇಜಿನಲ್ಲಿ ಸೆಮಿನಾರು. ಅದಕ್ಕೂ ಮೊದಲು ಅವ್ವನ ಕಿವಿಗೆ ಬೀಳಲಿ ಎಂಬ ಆಸೆ. ಅವ್ವ ಹಂಪಮ್ಮ ಲಾಳಿ ಎಸೆಯುತ್ತಿದ್ದಳು. ಸೀರೆಯ ಅಂಚಿನ ಬದಿಗೆ ಕೂತ ಅಕ್ಕ ವಿಜಯಶ್ರೀ, ಲಾಳಿ ಬಂದು ಹೋದಾಗಲೆಲ್ಲ ಒಡಲಿನ ನೂಲಿಗೆ ಅಂಚಿನ ರೇಷ್ಮೆ ಎಳೆ ಸಿಕ್ಕಿಸುತ್ತಿದ್ದಳು.

ಹಳೆಯ ಕತೆಯೊಂದರ ವಿಶ್ಲೇಷಣೆ ಅದು. ಗದ್ವಾಲದ ವಿಧವೆಯೊಬ್ಬಳು ಮಗಳ ಮದುವೆಗೆಂದು ಸೀರೆ ನೇಯುತ್ತಾಳೆ. ಮೂರು ತಿಂಗಳು, ಯಾರೊಡನೆಯೂ ಮಾತಿಲ್ಲದೆ, ಒಬ್ಬಳೇ. ಒಂಟಿತನವೇ ಕತೆಯ ವಸ್ತು ಎಂದು ಕಾವ್ಯ ಬರೆದಿದ್ದಳು. ಕೊನೆಯ ಸಾಲಿಗೆ ಬಂದಾಗ ದನಿ ತುಸು ತಗ್ಗಿತು.

"ನನ್ನ ತಾಯಿಯೂ ಹೀಗೆಯೇ ಒಬ್ಬಳೇ ನೇಯ್ದು ನನ್ನನ್ನು ಓದಿಸಿದಳು."

ಹಂಪಮ್ಮನ ಮುಖ ಅರಳಿತು. ಛಲೋ ಬರೆದೀದಿ ಅಂದಳೇ ಹೊರತು ತಿದ್ದಲಿಲ್ಲ. ವಿಜಯಶ್ರೀಯ ಕೈಯಲ್ಲಿ ಎಳೆ ಹಾಗೇ ಉಳಿಯಿತು. ನಾಳೆ ಅಷ್ಟು ಜನರ ಮುಂದೆ ತಂಗಿ ಈ ಸಾಲು ಓದುತ್ತಾಳೆ. ಆಮೇಲೆ ಅದೇ ನಿಜವಾಗಿಬಿಡುತ್ತದೆ. ಓದಿದವರ ಮಾತಿಗೆ ಎಂದೂ ಬಾಯಿ ಹಾಕಿದವಳಲ್ಲ ಅವಳು. ಇವತ್ತು ಹಾಕದಿದ್ದರೆ ಇನ್ನು ಇಲ್ಲ ಅನ್ನಿಸಿತು.

"ಆ ಸೀರಿ ಅಂಚು ಬ್ಯಾರೆ ಬಣ್ಣದ್ದೇನು?" ಎಂದಳು, ತಲೆ ಎತ್ತದೆ.

"ಹೂಂ. ಒಡಲು ಬಿಳೇದು, ಅಂಚು ಕೆಂಪು, ನಮ್ಮ ಸೀರಿ ಹಂಗ. ಯಾಕ?"

"ಹಂಗಾದ್ರ ಆಚೀ ಬದಿಗೆ ಯಾರು ಕುಂತಿದ್ರು?"

ಕಾವ್ಯ ನಕ್ಕಳು. ಕತೆಯಲ್ಲಿ ಅಂಥವರು ಯಾರೂ ಇಲ್ಲ, ಹುಡುಕಬೇಕಾದದ್ದು ಭಾವನೆ, ಅಕ್ಕ ನೋಡಿದರೆ ಅಂಚು ಸೆರಗು ಹುಡುಕುತ್ತಾಳೆ, ಪುಸ್ತಕ ತೂಗಿ ಕೊಳ್ಳೋ ಸಾಹುಕಾರನ ಹಾಗೆ ಎಂದು ಚೇಷ್ಟೆ ಮಾಡಿದಳು.

"ನನಗ ಗೊತ್ತಿರೋದು ಸೀರಿ ಒಂದೇ," ಎಂದಳು ವಿಜಯಶ್ರೀ ಮೆಲ್ಲಗೆ. "ಒಬ್ಬಾಕಿ ಕೈಲೆ ಈ ಅಂಚು ಕೂಡಂಗಿಲ್ಲ. ಯಾರೋ ಕುಂತಾರ. ಬರೆದೋರಿಗೆ ಕಂಡಿಲ್ಲ, ಅಷ್ಟೇ."

ಕಾವ್ಯ ಹಾಳೆಯನ್ನು ನೋಡಿದಳು, ಆಮೇಲೆ ಅಕ್ಕನ ಬೆರಳುಗಳನ್ನು. ಮೊಣಕಾಲೂರಿ ಅವಳ ಪಕ್ಕದಲ್ಲಿ ಕೂತಳು.

"ಅಕ್ಕಾ, ನೀ ಸಾಲಿ ಬಿಟ್ಟಿದ್ದು ಯಾವಾಗ?"

ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದವಳು, ಮೊದಲ ಸಲ ಕೇಳಿದಳು. ವಿಜಯಶ್ರೀ ಎಳೆ ಸಿಕ್ಕಿಸುವುದರಲ್ಲೇ ಇದ್ದಳು. ಹಂಪಮ್ಮನೇ ಲಾಳಿ ಕೆಳಗಿಟ್ಟು ಹೇಳಿದಳು:

"ನಿನ್ನ ಸಾಲಿಗೆ ಹಾಕಿದ ದಿನ."