ಒಣಗುತ್ತಿದ್ದ ಹಲಗೆ

ಒದ್ದೆ ಬಟ್ಟೆಯಿಂದ ಒರೆಸಿದ ಕಪ್ಪುಹಲಗೆ ಒಣಗುತ್ತಿದ್ದಂತೆ, ಬೊಟ್ಟು-ಗೆರೆಗಳ ಆ ಚಿತ್ರ ಮತ್ತೆ ಬೆಳ್ಳಗೆ ಮೂಡಿತು. ಬಟ್ಟೆ ಹಿಡಿದ ಮಾಲ್ವಿನಾಳ ಕೈ ಅಲ್ಲೇ ನಿಂತಿತು.

"ಸರಿಯಾಗಿ ಒರೆಸೇ ಮಾರಾಯ್ತಿ," ಎಂದ ಸಿರಿಯಾಕೊ, ಒಂದೇ ಸೋರೆಬುರುಡೆಯಲ್ಲಿ ಸರದಿಯಂತೆ ಕುಡಿಯುವ ಮಾಟೆ ಚಹಾಕ್ಕೆ ಬಿಸಿನೀರು ಹೊಯ್ಯುತ್ತ. "ಇಲ್ಲದ ಉಪಗುಂಪನ್ನ ಕೊರ್ದೊಬಾ ಊರಿಗೆಲ್ಲ ತೋರಿಸ್ಬೇಕಾ?"

ಇಲ್ಲವೆಂದವರು ಇಬ್ಬರಿಗೂ ಗಣಿತದ ಗುರುಗಳಾಗಿದ್ದ ಎಫ್ರಾಯಿನ್. ಕ್ವಾಂಟಂ ಉಪಗುಂಪುಗಳೆಂಬ ಬೀಜಗಣಿತದ ರಚನೆಗಳನ್ನೆಲ್ಲ ವರ್ಗೀಕರಿಸಿ, ಇನ್ನೊಂದಿಲ್ಲವೆಂದು ಸಾಧಿಸಿ ತೀರಿಕೊಂಡಿದ್ದರು. ಆ ಇನ್ನೊಂದನ್ನೇ ಮಾಲ್ವಿನಾ ಟೆನ್ಸರ್ ಕ್ಯಾಟಗರಿಗಳೆಂಬ ಬೇರೆ ಗಣಿತದ ದಾರಿಯಿಂದ ಕಟ್ಟಲು ಹೊರಟಿದ್ದಳು. ಎಲ್ಲೋ ಒಂದು ಗೆರೆ ಸಾಲದೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಬೊಟ್ಟು-ಗೆರೆಗಳಲ್ಲಿ ಬರೆದಿದ್ದ ಅದರ ಚಿತ್ರವನ್ನು ಬೇಸತ್ತು ಒರೆಸಿದ್ದಳು.

"ಇದು ನಂದಲ್ಲ ಕಣೋ. ನಾನು ಬೊಟ್ಟು ತುಂಬಿಸ್ತೀನಿ. ಇವು ಟೊಳ್ಳು ಸೊನ್ನೆ, ಮೇಷ್ಟ್ರ ಥರ. ಒಂದು ಗೆರೆ ಜಾಸ್ತಿನೂ ಇದೆ." ಮನಸ್ಸಿನಲ್ಲೇ ಗುಣಿಸಿ ನೋಡಿದಳು. ಲೆಕ್ಕ ತಾಳೆಯಾಯಿತು. "ಅವರಿಗೆ ಗೊತ್ತಿತ್ತು! ಇಲ್ಲೇ ಬರೆದು ಅಳಿಸಿದ್ದಾರೆ, ಕಳ್ಳ ಮುದುಕ."

ಸಿರಿಯಾಕೊ ನಗಲಿಲ್ಲ. "ಈ ಹಲಗೆ ಬಂದಿದ್ದು ಹೋದ ತಿಂಗಳು, ಮಾಲ್ವಿನಾ. ಮೇಷ್ಟ್ರನ್ನ ಮಣ್ಣು ಮಾಡಿ ಬಂದ್ಮೇಲೆ."

ಚಹಾದ ಸರದಿ ಅವಳದಿತ್ತು. ತುಂಬಿದ ಬುರುಡೆಯನ್ನು ಅವನು ಗುರುಗಳ ಖಾಲಿ ಕುರ್ಚಿಯ ಮುಂದಿಟ್ಟ.